ಕೊಕ್ಕೆ

ಮಂಡಿಪೇಟೆಯ ಹಿಂದಿನ ಓಣಿಯಲ್ಲಿ
ಅರ್ಧ ಬಾಗಿಲಿನ ಅಚ್ಚುಕೂಟ.
ನನಗೆ ಹನ್ನೊಂದು. ದಿನಕ್ಕೆ ಎಂಟಾಣೆ.
ಅಚ್ಚಾದ ಮೇಲೆ ಸಾಲು ಬಿಡಿಸಿ
ಒತ್ತಿಗೆ ಒತ್ತು, ಕೊಂಬಿಗೆ ಕೊಂಬು, ದೀರ್ಘಕ್ಕೆ ದೀರ್ಘ
ಮೊಳೆಗಳನ್ನು ಅವವುಗಳ ಮನೆ ಸೇರಿಸುವ ಕೆಲಸ.

ಬುಡೇನ್ ಸಾಬರು ನಿಂತೇ ಜೋಡಿಸುತ್ತಿದ್ದರು
ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ, ಕೊಬ್ಬರಿ ಮಂಡಿಯ ಬಿಲ್ಲು.
ಪ್ರಶ್ನಾರ್ಥಕಕ್ಕೆ ನಮ್ಮಲ್ಲಿ ಹೆಸರು ಕೊಕ್ಕೆ.
ಇಪ್ಪತ್ತೇಳು ಇದ್ದವು, ಒಂದೂ ಸವೆದಿರಲಿಲ್ಲ:
ಮದುವೆಗೆ ಕರೆಯುವವರು ಏನನ್ನೂ ಕೇಳುವುದಿಲ್ಲವಲ್ಲ.

'ಉಲ್ಟಾ ಐತೆ ಸಾಬ್ರೇ' ಅಂದಿದ್ದೆ ಮೊದಲ ದಿನ.
'ನಿಂಗೆ ಉಲ್ಟಾ. ನಮ್ಮ ಉರ್ದುಗೆ ಇದೇ ನೆಟ್ಟಗೆ.
ಸೀಸದಲ್ಲಿ ನಮ್ದು, ಕಾಗದದ ಮ್ಯಾಲೆ ನಿಮ್ದು.
ಕೇಳೋದು ಒಂದೇ ಕಣೋ.'

ಎಪ್ಪತ್ತಾರು. ಸಂಕ್ರಾಂತಿ ಕಳೆದ ವಾರ.
ಬೀಡಿ ಸುತ್ತುವವರ ಸಂಘದ ಕೆಂಪರಂಗಯ್ಯನನ್ನು
ರಾತ್ರಿ ಕರೆದುಕೊಂಡು ಹೋದವರು
ಬೆಳಿಗ್ಗೆ, ಯಾವ ಕೆಂಪರಂಗಯ್ಯ, ಅಂದರು.
ಹನುಮಕ್ಕ ಬಂದಳು. ಎಲೆ ಕತ್ತರಿಸುವ ಕತ್ತರಿ
ಸೊಂಟದಲ್ಲೇ ಇತ್ತು. ಐದು ರೂಪಾಯಿ, ಪೂರಾ ಚಿಲ್ಲರೆ.
'ಜಾಸ್ತಿ ಬ್ಯಾಡ ಸಾಬ್ರೇ. ಎಲ್ಲಿ ಅಂತ ಅಷ್ಟೇ ಹಾಕಿ.'

ಕೆಂಪರಂಗಯ್ಯ ಎಲ್ಲಿ?

ಇನ್ನೂರು ಪ್ರತಿ. ಅಂಟಿಗೆ ಮೈದಾ ಗಂಜಿ.
ಹೊರಪೇಟೆಯಿಂದ ಗುಬ್ಬಿ ಗೇಟಿನವರೆಗೆ
ಗೋಡೆಗಳು ಕೇಳತೊಡಗಿದವು.

ಮೂರನೆಯ ದಿನ ಜೀಪು.
ಸಾಹೇಬರು ಓದಿದವರು, ದನಿ ಏರಿಸಲಿಲ್ಲ.
ಹೆಸರು ಇರಲಿ, ಅಂದರು, ಹೆಸರಿನದೇನು ತಪ್ಪು?
'ಎಲ್ಲಿ' ಕೂಡ ಇರಲಿ, ಲಗ್ನಪತ್ರಿಕೆಗೆ ಬೇಕಾಗುತ್ತೆ.
ಆ ಕೊಕ್ಕೆಗಳನ್ನ ಇತ್ತ ಕೊಡು.
ಕರವಸ್ತ್ರ ಹಾಸಿ ಎಣಿಸಿದರು: ಇಪ್ಪತ್ತಾರು.
ದಾಸ್ತಾನು ಪುಸ್ತಕದಲ್ಲಿ ಇಪ್ಪತ್ತೇಳು.

ಸಾಬರ ಕೆನ್ನೆಗೆ ಬಿದ್ದ ಏಟಿನ ಸದ್ದನ್ನು
ಬಾಯಿ ಮುಚ್ಚಿಕೊಂಡೇ ಕೇಳಿದೆ.
ಇಪ್ಪತ್ತೇಳನೆಯದು ನನ್ನ ದವಡೆ ಸಂದಿಯಲ್ಲಿತ್ತು.
ಧೈರ್ಯ ಅನ್ನಬೇಡಿ. ಉಗುಳಲು ಹೆದರಿಕೆ, ಅಷ್ಟೇ.
ಸೀಸ ಸಿಹಿ ಇರುತ್ತದೆ.
ಇದನ್ನು ನಾನು ಯಾರಿಗೂ ಹೇಳಿಲ್ಲ.

ಎಂಟು ದಿನ ಬಿಟ್ಟು ಬಂದ ಸಾಬರ ಬಲಗೈಯಲ್ಲಿ
ಎರಡು ಬೆರಳು ಮಡಚುತ್ತಿರಲಿಲ್ಲ.
ಎಡಗೈಯಲ್ಲಿ ಜೋಡಿಸುವುದನ್ನು ಕಲಿತರು, ಆ ವಯಸ್ಸಲ್ಲಿ.
ಒಮ್ಮೆ ನನ್ನ ಗಲ್ಲ ಹಿಡಿದು, ಬಾಯಿ ತೆರೆಸಿ ನೋಡಿ
'ಹಲ್ಲು ಗಟ್ಟಿ ಅವೆ' ಅಂದರು. ಮತ್ತೇನೂ ಕೇಳಲಿಲ್ಲ.

ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ.
ಮೊಳೆಗಳೆಲ್ಲ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋದವು.
ಮೊನ್ನೆ ಹನುಮಕ್ಕನ ಮೊಮ್ಮಗಳು ಬಂದಿದ್ದಳು,
ಅವಳ ಅರ್ಜಿಗೆ ಬಂದ ಉತ್ತರ ಹಿಡಿದು:
'ಸದರಿ ಹೆಸರಿನ ವ್ಯಕ್ತಿಯನ್ನು ಠಾಣೆಗೆ ಕರೆತಂದ ಬಗ್ಗೆ
ಯಾವುದೇ ಕಡತ ಲಭ್ಯವಿರುವುದಿಲ್ಲ.'
ಕೆಳಗೆ ದುಂಡನೆಯ ಮೊಹರು, ಹಸಿರು ಸಹಿ.
'ನೀವು ಆವಾಗ ಅಲ್ಲೇ ಇದ್ರಂತೆ' ಅಂದಳು.

ಅಜ್ಜಿಯದೇ ಮೂಗು ಅವಳಿಗೆ.
ನಾನು ಎದ್ದು ಒಳಗೆ ಹೋಗಿ
ಸುಣ್ಣದ ಡಬ್ಬಿಯಿಂದ ಅದನ್ನು ತೆಗೆದು ತಂದೆ,
ಹೆಬ್ಬೆಟ್ಟಿನ ಶಾಯಿಗೆ ಅದ್ದಿ
ಅವರ ಪೂರ್ಣವಿರಾಮದ ಮೇಲೆ ಒತ್ತಿದೆ.

ಕೈ ನಡುಗಿತು. ಅರ್ಧ ಮಾತ್ರ ಮೂಡಿತು,
ಬುಡದ ಚುಕ್ಕಿಯೇ ಇಲ್ಲ.
'ಇರು ಮಗಾ' ಅಂದೆ,
ಮತ್ತೊಮ್ಮೆ ಶಾಯಿ ಸವರಿದೆ.