ಮರಳು

ಅಕ್ಟೋಬರಿನ ಗಾಳಿ ಯಾರಿಗೂ ಬೇಡವಾಗಿತ್ತು.
ನಡುರಾತ್ರಿ, ಫಿನ್ಲೆಂಡಿನ ಆ ಸಣ್ಣ ಊರೆಲ್ಲ ಮಲಗಿ,
ಗುಡ್ಡದ ರೆಕ್ಕೆಗಳು ಬರಿದೇ ತಿರುಗಿ ತಿರುಗಿ
ಕರೆಂಟಿನ ಬೆಲೆ ಸೊನ್ನೆಗಿಳಿದಾಗ
ಔಲಿಕ್ಕಿ ಸ್ವಿಚ್ಚು ಒತ್ತಿದಳು.
ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತಾರಲ್ಲ,
ಅವಳು ತೂರಲಿಲ್ಲ, ಹೂತಿಟ್ಟಳು.

ಏಳಾಳೆತ್ತರದ ಉಕ್ಕಿನ ಗೋಪುರ,
ನೆಲದ ಮೇಲೆ ಎದ್ದು ನಿಂತ ಹಗೇವು.
ಒಳಗೆ ಕಾಳಿಲ್ಲ;
ಒಲೆ ಕಡೆಯುವ ಕಾರ್ಖಾನೆ ಎಸೆದ ಬಳಪದ ಕಲ್ಲಿನ ಪುಡಿ,
ಎರಡು ಸಾವಿರ ಟನ್ನು ಮರಳು.
ಹಿಂಡಿದರೆ ಎಣ್ಣೆ ಬಾರದು, ನಿಜ.
ಕಾಸಿ ನೋಡಿ:
ಐನೂರು ಡಿಗ್ರಿಗೂ ಕರಗದು, ಕುದಿಯದು, ಹೊಗೆಯಾಡದು,
ಸಿಟ್ಟು ನುಂಗಿದ ಮನುಷ್ಯನ ಹಾಗೆ
ತಿಂಗಳುಗಟ್ಟಲೆ ಮಾತಿಲ್ಲದೆ ಕೂತಿರುತ್ತದೆ.

ಆ ಬಗೆಯ ಸಿಟ್ಟು ಅವಳಿಗೆ ಗೊತ್ತು.
ಊರ ಕೊನೆಯ ಮನೆ, ನಂಬರು ನಲವತ್ತೊಂದು,
ಅವಳ ತಮ್ಮ ಇಲ್ಮೋನದು.
ಇಪ್ಪತ್ತಾರು ವರ್ಷ ಜೌಗಿನ ಪೀಟ್ ಮಣ್ಣು ಕೆತ್ತಿ, ಒಣಗಿಸಿ, ಉರಿಸಿ
ಊರನ್ನು ಬೆಚ್ಚಗಿಟ್ಟವನು.
ಪೀಟ್ ಬಾಯ್ಲರು ಮುಚ್ಚುವ ಕಾಗದದಲ್ಲಿ
ಅಕ್ಕನದೇ ಸಹಿ.
ಅವತ್ತಿಂದ ತನ್ನ ಸೌದೆ ತಾನೇ ಸೀಳುತ್ತಾನೆ,
ಮನೆಗೆ ಬಂದ ಕೊಳವೆಯ ವಾಲ್ವು ಮುಟ್ಟಿಲ್ಲ.

"ಕರೆಂಟು ಬಿಸಿಯಾಗುವುದು ಸಲೀಸು,"
ಕೆಲಸ ಕಲಿಯಲು ಬಂದ ಯಾಲ್ಮರಿಗೆ ಹೇಳುತ್ತಾಳೆ,
"ಇಳಿಜಾರು ಇಳಿದ ಹಾಗೆ.
ಬಿಸಿಯನ್ನು ಮತ್ತೆ ಕರೆಂಟು ಮಾಡಹೊರಟೆಯೋ,
ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಸೋರುತ್ತದೆ.
ಅದಕ್ಕೇ ನಾವು ಕೇಳುವುದಿಲ್ಲ,
ಹೋದ ರೂಪದಲ್ಲೇ ಬಾ ಅಂತ.
ಬೆಚ್ಚಗೆ ಬಂದರೆ ಸಾಕು."

ಜನವರಿ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಗಾಳಿ ಬಿದ್ದುಹೋಗಿದೆ.
ಮರಳಿನೊಳಗಿನ ಅಕ್ಟೋಬರು ಕೊಳವೆಗಿಳಿದು
ಶಾಲೆಗೆ, ಈಜುಕೊಳಕ್ಕೆ,
ಬಾಣಂತಿಯಿರುವ ಮೂರನೇ ಮಹಡಿಗೆ ಹತ್ತುತ್ತಿದೆ.
ಪರದೆಯ ಮೇಲೆ ಎರಡೇ ಸಾಲು ಅಂಕಿ:
ಹೋಗುವ ನೀರು, ಮರಳುವ ನೀರು.
ಎಷ್ಟು ತಣ್ಣಗಾಗಿ ಮರಳಿತೋ
ಅಷ್ಟನ್ನು ಆ ಮನೆ ಇಟ್ಟುಕೊಂಡಿತು ಅಂತ ಲೆಕ್ಕ.

ನಲವತ್ತೊಂದರದು ಐದು ಚಳಿಗಾಲದಿಂದ ಖಾಲಿ ಗೆರೆ.
ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ
ಗೆರೆ ಅಲುಗಿತು.
ಎಪ್ಪತ್ತೆರಡು ಹೋಗಿ, ಮೂವತ್ತೆಂಟು ಮರಳಿತು.

"ಮೀಟರು ಕೆಟ್ಟಿರಬೇಕು," ಅಂದ ಯಾಲ್ಮರಿ.
ಅವಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.
ಸೌದೆ ಮುಗಿಯಿತೋ, ಕೊಡಲಿ ಎತ್ತುವ ತೋಳು ಸೋತಿತೋ,
ಒಲೆ ಹೊತ್ತಿಸಲು ಏಳಲಾಗಲಿಲ್ಲವೋ.

ಕಾಫಿ ಲೋಟ ಬದಿಗಿಟ್ಟು
ಆ ಮೂವತ್ತೆಂಟರ ಮೇಲೆ
ಅಂಗೈಯ ಹಿಂಬದಿಯಿಟ್ಟಳು, ಮೆಲ್ಲಗೆ,
ಮಲಗಿದ ಹುಡುಗನ ಹಣೆ ಮುಟ್ಟಿ
ಜ್ವರ ನೋಡುವವಳ ಹಾಗೆ.