ಮೊಳೆ, ಮೂಳೆ

ತೈನಾನಿನ ಗುಡಿಬೀದಿಯಲ್ಲಿ ನಮ್ಮದು
ಅಸ್ಥಿಗಡಿಗೆಗೆ ಹೆಸರು ಬರೆದುಕೊಡುವ ಅಂಗಡಿ.
ಅಪ್ಪನ ಕಾಲಕ್ಕೆ ಸೀಸದ ಮೊಳೆ, ನನ್ನ ಕಾಲಕ್ಕೆ
ಯಾರೋ ಬರೆದು ಪುಕ್ಕಟೆ ಲೋಕಕ್ಕೆ ಬಿಟ್ಟ ತಂತ್ರಾಂಶ,
ಹಳೇ ಕಂಪ್ಯೂಟರು, ಕೆಮ್ಮುವ ಪ್ರಿಂಟರು.

ಬಾಗಿಲು ತೆಗೆಯುವ ಹೊತ್ತಿಗೇ ಕೋ ಸ್ಯೂಚೂ ಅಜ್ಜಿ
ನಿನ್ನೆ ಒಯ್ದ ಹಾಳೆ ವಾಪಸು ತಂದರು.
ಕನ್ನಡಕ ಹಣೆಗೇರಿಸಿ ಉಗುರಿಟ್ಟು ತೋರಿಸಿದರು:
'ಮೂಳೆ' ಎಂಬ ಅಕ್ಷರದ ಒಳಗೊಂದು ಪುಟ್ಟ ಮೂಲೆ ಇದೆಯಲ್ಲ,
ನಮ್ಮಲ್ಲಿ ಅದು ಬಲಕ್ಕೆ. ಇಲ್ಲಿ ಎಡಕ್ಕೆ ಕೂತಿದೆ.
"ಇದು ಕಡಲಾಚೆಯವರ ಮೂಳೆ ಕಣೋ.
ನಮ್ಮವರು ಇಲ್ಲೇ ಹುಟ್ಟಿ, ಇಲ್ಲೇ ಮೀನು ಸಾಕಿ ಸತ್ತವರು."

ಹೌದು. ಸಂಖ್ಯೆ ಒಂದೇ, ಮುಖ ಬೇರೆ.
ಕೇಳಿದ ಫಾಂಟು ಸಿಗದಿದ್ದರೆ ಯಂತ್ರ ನನ್ನ ಕೇಳುವುದಿಲ್ಲ;
ಪಕ್ಕದ ಮನೆಯಿಂದ ಸಕ್ಕರೆ ತಂದಂತೆ
ತಂದು ಬೆರೆಸಿಬಿಡುತ್ತದೆ, ಕುಡಿದವರಿಗೆ ಗೊತ್ತಾಗದ ಹಾಗೆ.
ಅಜ್ಜಿಗೆ ಗೊತ್ತಾಗುತ್ತದೆ. ಪಂಕ್ತಿಯಲ್ಲಿ
ಕರೆಯದೆ ಬಂದು ಕೂತವನಂತೆ
ಆ ಅಕ್ಷರ ತುಸು ದಪ್ಪ, ತುಸು ಕೆಳಗೆ.

ಪಟ್ಟಿಯಲ್ಲಿ ತೈವಾನನ್ನು ಮೇಲಕ್ಕೆ ತಂದೆ.
ಹೊರಗಿನವನ್ನೆಲ್ಲ ಅಳಿಸಿದೆ.
ಮೂಲೆ ಬಲಕ್ಕೆ ಹೊರಳಿತು.
ಕೆಳಗಿನ ಸಾಲಿನಲ್ಲಿ, ಗಂಡನ ಹೆಸರಿನ ನಡುವೆ,
ಈಗ ಒಂದು ಖಾಲಿ ಚೌಕ.

ಅವರ ತಾತ ಯಾವ ಪುಸ್ತಕದಿಂದಲೋ ಹುಡುಕಿ ಇಟ್ಟ ಅಕ್ಷರ,
ಎಡಕ್ಕೆ ನೀರು, ಬಲಕ್ಕೆ ಯಾರಿಗೂ ಓದಲು ಬಾರದ್ದು.
ಬ್ಯಾಂಕಿನವರು, ಶಾಲೆಯವರು, ಆಸ್ಪತ್ರೆಯವರು
ಆಯುಷ್ಯವಿಡೀ ಒಂದೊಂದು ಹೆಸರಿಂದ ಕರೆದರಂತೆ.
ಇಂಥ ಚೌಕಕ್ಕೆ ನಾವು ತೋಫು ಅನ್ನುತ್ತೇವೆ.
ಅಜ್ಜಿಯೆದುರು ಅನ್ನಲಿಲ್ಲ.

ಅಪ್ಪನ ಮೊಳೆಪೆಟ್ಟಿಗೆಯಲ್ಲೂ ಅಕ್ಷರ ಸಾಲದೆ ಹೋಗುತ್ತಿತ್ತು.
ಆಗ ಕೈಗೆ ಸಿಕ್ಕ ಮೊಳೆಯನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದ;
ಕರಡಿನಲ್ಲಿ ಅದರ ಪಾದ ಮೂಡುತ್ತಿತ್ತು,
ಎರಡು ಕಪ್ಪು ಪಟ್ಟೆ: ಇಲ್ಲಿ ಯಾರೋ ಬರಬೇಕು, ಜಾಗ ಬಿಡಿ.
ಇಲ್ಲದ್ದನ್ನು ಇಲ್ಲ ಅನ್ನುತ್ತಿದ್ದ ಸೀಸ.

ಅಕ್ಷರ ಬಿಡಿಸುವ ಪುಟ ತೆರೆದೆ.
ಒಂದರಿಂದ ನೀರು ಕಡ ತಂದೆ,
ಇನ್ನೊಂದರಿಂದ ಅರ್ಧ ಬಾಗಿಲು. ಅಜ್ಜಿ ಗಾಳಿಯಲ್ಲಿ
ಬೆರಳಾಡಿಸಿ ಉಳಿದ ಗೆರೆ ಹೇಳಿಕೊಟ್ಟರು. ಮಧ್ಯಾಹ್ನವಾಯಿತು.
"ಉದ್ದವಾಯ್ತು, ಅವರ ಕಾಲು ಗಿಡ್ಡ" ಎಂದರು.
ಗಿಡ್ಡ ಮಾಡಿದೆ.

ದುಡ್ಡು ಎಣಿಸುವಾಗ ಹೇಳಿದೆ:
ಇದು ಈ ಕಂಪ್ಯೂಟರಿನಲ್ಲಿ ಮಾತ್ರ ಕಾಣುವುದು,
ಬೇರೆಲ್ಲಿಗೆ ಕಳಿಸಿದರೂ ಮತ್ತೆ ಚೌಕ.
ಅಜ್ಜಿ ಹಾಳೆ ಮಡಿಸಲಿಲ್ಲ. ಶಾಯಿ ಒಣಗಲೆಂದು ಊದುತ್ತಾ
"ಹಾಗಾದರೆ ಈ ಕಂಪ್ಯೂಟರು ಮಾರಬೇಡ" ಎಂದರು.