ಜೋಳದ ಕಾಳಿನಷ್ಟು

ಆನಗೋಡು ದಾಟುವವರೆಗೂ ಮುಳ್ಳು ಸುಮ್ಮನಿರುತ್ತದಂತೆ,
ಭರಮಸಾಗರದ ಏರಿನಲ್ಲಿ ಮಾತ್ರ
ಒಂದೇ ಉಸಿರಿಗೆ ಕೆಂಪು ಮುಟ್ಟುತ್ತದಂತೆ.
ಕೊಟ್ರಬಸಪ್ಪ ಇದನ್ನು ನಾಲ್ಕನೇ ಸಲ ಹೇಳುತ್ತಿದ್ದಾರೆ
ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ.
"ಹೆಡ್ ಕೆಲ್ಸ ಮಾಡ್ಸಿದ ಮ್ಯಾಲೇ ಟೆಂಪೋ ಹಿಂಗಾಗೈತಿ, ದಾದು."

ಹೌದು. ಪರಮೇಶಾಚಾರಿಯ ಲೇತಿನಲ್ಲಿ
ಕೂದಲೆಳೆಯ ಲೆಕ್ಕದಲ್ಲಿ ಹೆಡ್ಡು ಹೆರೆಸಿದ್ದು,
ಹೊಗೆಯ ದಾರಿ ಅಗಲ ಮಾಡಿಸಿದ್ದು
ಎಳೆತ ಹೆಚ್ಚಲಿ ಎಂದು. ಹೆಚ್ಚಿತು.
ಬಿಸಿಯೂ.

ರೇಡಿಯೇಟರ್ ಬಿಚ್ಚಿ ತೊಳೆಸಿದೆ. ಥರ್ಮೋಸ್ಟಾಟ್ ಹೊಸದು.
ಪಂಪಿನ ರೆಕ್ಕೆ ಸರಿ, ಬೆಲ್ಟು ಬಿಗಿ,
ಆಯಿಲು ಹಾಲಾಗಿಲ್ಲ, ನೀರಿನಲ್ಲಿ ಗುಳ್ಳೆ ಎದ್ದಿಲ್ಲ.
ಎರಡು ಸಾವಿರದ ನಾನೂರು ಆಗಲೇ ಬಿಲ್ಲಿನಲ್ಲಿ.
ಹುಡುಗ ಇಮಾಮ್ ಸ್ಪ್ಯಾನರ್ ಹಿಡಿದು ನನ್ನ ಮುಖ ನೋಡುತ್ತಾನೆ,
ನಾನು ಎಂಜಿನ್ನಿನ ಮುಖ.

ಅಮ್ಮಿ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ಮರಳು ತಿರುವಿದವಳು.
ಬಾಣಲೆಗೆ ಬೆರಳಿನಿಂದ ನೀರು ಚಿಮುಕಿಸಿ
ಹನಿ ಎಲ್ಲಿ ಕುಣಿಯಿತೋ ಅಲ್ಲಿಗೆ ಹುಟ್ಟು ಹಾಕುತ್ತಿದ್ದಳು.
"ಬೆಂಕಿ ಎಲ್ಲಾ ಕಡೆ ಒಂದೇ ಕಣೋ,
ಮರಳು ನಿಂತ ಕಡೆ ಸುಡ್ತದೆ."

ಅರ್ಧ ಗಂಟೆ ರೇಸ್ ಕೊಡಿಸಿ
ಚಂಬಿನಲ್ಲಿ ಬೆರಳದ್ದಿದೆ.
ಒಂದನೇ ಸಿಲಿಂಡರಿನ ಮೇಲೆ ಹನಿ ಹರಡಿ ಆರಿತು.
ಎರಡು, ಹಾಗೇ. ಮೂರು, ಸ್ವಲ್ಪ ಚುರ್.
ನಾಲ್ಕರ ಮೇಲೆ ಮಂಡಕ್ಕಿಯಂತೆ ಎಗರಿ ಬಿತ್ತು.

ತಣಿದ ಮೇಲೆ ಬಿಚ್ಚಿದೆವು.
ಹೆಡ್ಡು ತಗ್ಗಿತಲ್ಲ ಎಂದು ನಾನೇ ತಂದು ಹಾಕಿದ ದಪ್ಪ ಗ್ಯಾಸ್ಕೆಟ್ಟನ್ನು
ಬಾಗಿಲ ಬಿಸಿಲಿಗೆ ಹಿಡಿದೆ.
ಗೋಡೆಗೆ ಬಿದ್ದ ಬೆಳಕಿನ ಚುಕ್ಕೆಗಳನ್ನು ಇಮಾಮ್ ಎಣಿಸಿದ,
ಬ್ಲಾಕಿನ ತೂತು ಎಣಿಸಿದ, ಮತ್ತೆ ಗೋಡೆ.
"ಒಂದು ಕಮ್ಮಿ ಐತಿ, ಉಸ್ತಾದ್."

ಅವತ್ತು ಬಿಸಿಲಿಗೆ ಹಿಡಿದು ನೋಡಿರಲಿಲ್ಲ.
ಅಂಗಡಿಯವನು ಇದೇ ಅಂದ, ನಾನು ಇದೇ ಅಂದುಕೊಂಡೆ.
ಆಚಾರಿಯನ್ನು ಬೈದದ್ದು ಮಾತ್ರ
ಇಡೀ ಪಿ.ಬಿ. ರೋಡಿಗೆ ಕೇಳಿಸಿತ್ತು.

ಹೊಸದಕ್ಕೆ ಪಂಚ್ ಇಟ್ಟು ಒಂದೇ ಏಟು.
ಅಂಗೈಗೆ ಉದುರಿದ್ದು ಜೋಳದ ಕಾಳಿನಷ್ಟು ರಟ್ಟು.
ಇಷ್ಟೇ ಅಡ್ಡ ನಿಂತಿದ್ದು, ನೀರಿಗೆ.

"ಏನಾಗಿತ್ತು?" ಅಂದರು ಕೊಟ್ರಬಸಪ್ಪ.
ಬಿಲ್ಲು ತಗೊಂಡು ಎರಡು ಸಾಲು ಹೊಡೆದು ಹಾಕಿದೆ,
ಬಾಯಿ ಬಂದದ್ದು ಆಮೇಲೆ.
ನಾಳೆ ಬೆಳಿಗ್ಗೆ ಲೇತಿನ ಕಡೆ ಹೋಗಬೇಕು.
ರಟ್ಟಿನ ಕಾಳು ಜೇಬಿನಲ್ಲೇ ಇದೆ.